ಒಪ್ಪ ಓರಣದ ಹದಿನೈದನೆಯ ಮನೆ

ಸ್ಟೋರಪ್ಪ ಎಂಬುದು ಅವರ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಮೂವತ್ತೆಂಟು ವರ್ಷ ನೂಲಿನ ಗಿರಣಿಯ ಉಗ್ರಾಣ ನೋಡಿಕೊಂಡ ಮನುಷ್ಯನಿಗೆ ಗಿರಣಿಯ ಜನ ಕೊಟ್ಟ ಬಿರುದು ಅದು. ಕೊಟ್ಟವರು ಅರ್ಧ ತಮಾಷೆಗೆ ಕೊಟ್ಟರು, ಇವರು ಪೂರ್ತಿ ಗಂಭೀರವಾಗಿಯೇ ತೆಗೆದುಕೊಂಡರು. ಬೋಲ್ಟು, ನಟ್ಟು, ಬೆಲ್ಟು, ಬೇರಿಂಗು ಎಂದು ಎಂಟು ಸಾವಿರ ಚಿಲ್ಲರೆ ಸಾಮಾನು ಅವರ ಸುಪರ್ದಿನಲ್ಲಿದ್ದವು. ಒಂದೊಂದಕ್ಕೂ ಒಂದು ಗೂಡು, ಗೂಡಿಗೊಂದು ಚೀಟಿ, ಚೀಟಿಯ ಮೇಲೆ ಮುತ್ತು ಪೋಣಿಸಿದಂಥ ಅಕ್ಷರ. ಕರೆಂಟು ಹೋದರೆ ಬೇರೆ ವಿಭಾಗದವರೆಲ್ಲ ಕೈಕಟ್ಟಿ ಕೂರುತ್ತಿದ್ದರು. ಸ್ಟೋರಪ್ಪನವರು ಮಾತ್ರ ಕತ್ತಲಲ್ಲೇ ಕೈಯಾಡಿಸಿ ಕೇಳಿದ ಅಳತೆಯ ಬೋಲ್ಟನ್ನು ತಂದು ಕಿಟಕಿಯಲ್ಲಿ ಇಡುತ್ತಿದ್ದರು. ಅದನ್ನು ನೋಡಲೆಂದೇ ಕರೆಂಟು ಹೋಗುವುದನ್ನು ಕಾಯುತ್ತಿದ್ದ ಫಿಟ್ಟರುಗಳೂ ಇದ್ದರು.

ಇಂಥವರು ನಿವೃತ್ತರಾದರೆ ಏನು ಮಾಡಬೇಕು? ಮೊದಲ ಆರು ತಿಂಗಳು ಹೆಂಡತಿಯ ಹಿಂದೆ ಹಿಂದೆ ತಿರುಗಿ ಆಕೆಯ ತಲೆ ತಿಂದರು. ಆಕೆ ತಡೆಯಲಾರದೆ, ಬೀದಿಯ ಕೊನೆಯಲ್ಲಿರುವ ಕನ್ನಡಕದ ಅಂಗಡಿಯ ಯಜಮಾನರಿಗೆ ಹೇಳಿ ಗಂಡನನ್ನು ಸೇವಾ ಕೂಟಕ್ಕೆ ಸೇರಿಸಿದಳು. ಆ ಯಜಮಾನರೇ ಕೂಟದ ಅಧ್ಯಕ್ಷರು. ಸದಸ್ಯರು ಇಪ್ಪತ್ತೆರಡು ಮಂದಿ. ಹಲ್ಲಿನ ಡಾಕ್ಟರು, ಬ್ಯಾಂಕಿನವರು, ಮೇಷ್ಟರು, ಇಬ್ಬರು ಬಟ್ಟೆ ವ್ಯಾಪಾರಿಗಳು, ಹೀಗೆ ಕೈಗೆ ಮಸಿ ಮೆತ್ತಿಕೊಳ್ಳದ ಜನ. ರಕ್ತದಾನ, ಕಣ್ಣಿನ ತಪಾಸಣೆ, ಶಾಲೆಗೆ ಬೆಂಚು, ಇವೆಲ್ಲ ಅವರು ಮಾಡಿ ಮಾಡಿ ಬೇಸತ್ತಿದ್ದರು. ಸ್ಟೋರಪ್ಪನವರು ಬಂದ ಮೂರನೆಯ ಸಭೆಯಲ್ಲೇ ಎದ್ದು ನಿಂತು ಒಂದು ಯೋಜನೆ ಹೇಳಿದರು. ಕೈಲಾಗದವರು, ಒಂಟಿಯಾಗಿರುವವರು, ಕಾಯಿಲೆಯವರು ಎಷ್ಟೋ ಜನ ಇದ್ದಾರೆ, ಅವರ ಮನೆಗಳು ಗುಜರಿ ಅಂಗಡಿಯ ಹಾಗಿರುತ್ತವೆ. ತಿಂಗಳಿಗೊಂದು ಭಾನುವಾರ ಹತ್ತು ಜನ ಹೋಗಿ ಅಂಥ ಒಂದು ಮನೆಯನ್ನು ಗುಡಿಸಿ, ಒರೆಸಿ, ಸುಣ್ಣ ಬಳಿದು, ಸಾಮಾನುಗಳನ್ನೆಲ್ಲ ಅದರದರ ಜಾಗಕ್ಕೆ ಸೇರಿಸಿ ಬರೋಣ. ಯೋಜನೆಗೆ ಒಪ್ಪ ಓರಣ ಎಂದು ಹೆಸರನ್ನೂ ಅವರೇ ಇಟ್ಟರು. ಕೂಟದವರು ಚಪ್ಪಾಳೆ ತಟ್ಟಿದರು. ಆವತ್ತು ಮನೆಗೆ ಹೊರಟ ಸ್ಟೋರಪ್ಪನವರು ನಿವೃತ್ತಿಯ ಚಿಂತೆ ಇಳಿದು ಸೊಂಟ ನೆಟ್ಟಗೆ ಮಾಡಿಕೊಂಡು ನಡೆದರು.

ಒಂದು ವರ್ಷದ ಮೇಲೆ ಎರಡು ತಿಂಗಳಿಗೆ ಹದಿನಾಲ್ಕು ಮನೆ ಮುಗಿದವು. ಪ್ರತಿ ಮನೆಯಲ್ಲೂ ಒಂದೇ ಕ್ರಮ. ಶನಿವಾರ ಸ್ಟೋರಪ್ಪನವರು ಹೋಗಿ ನೋಡಿ ಬರುವುದು, ಭಾನುವಾರ ಕೆಲಸ, ಕೊನೆಗೆ ಒಂದೇ ಅಳತೆಯ ಹೊಸ ಡಬ್ಬಿಗಳು, ಡಬ್ಬಿಗೆ ಚೀಟಿ, ಗೋಡೆಗೆ ಪಟ್ಟಿ. ಯಾವ ವಸ್ತು ಯಾವ ಕಪಾಟಿನ ಯಾವ ಅಂತಸ್ತಿನಲ್ಲಿದೆ ಎಂದು ಪಟ್ಟಿಯಲ್ಲಿ ಸಂಖ್ಯೆ ಸಮೇತ ಇರುತ್ತಿತ್ತು. ಮೊದಲು ಎಲ್ಲರೂ ಬೇಡ ಎನ್ನುತ್ತಿದ್ದರು. ಅದನ್ನು ಸ್ಟೋರಪ್ಪನವರು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಮರ್ಯಾದಸ್ಥರು ಯಾರಾದರೂ ಕೇಳಿದ ತಕ್ಷಣ ಹೂಂ ಎನ್ನುತ್ತಾರೆಯೇ? ಎರಡನೆಯ ಸಲ, ಮೂರನೆಯ ಸಲ ಒತ್ತಾಯ ಮಾಡಬೇಕು. ಅದು ಸೇವೆಯ ರೀತಿ ಎಂದು ಹೊಸ ಸದಸ್ಯರಿಗೆ ಪಾಠ ಬೇರೆ ಹೇಳುತ್ತಿದ್ದರು.

ಹದಿನೈದನೆಯ ಮನೆ ಬೆತ್ತದಣ್ಣನದು.

ಬೆತ್ತದಣ್ಣನಿಗೆ ಕಣ್ಣು ಕಾಣುವುದಿಲ್ಲ. ಮೂವತ್ತರ ಹರೆಯದಲ್ಲಿ ದೃಷ್ಟಿ ಸ್ವಲ್ಪ ಸ್ವಲ್ಪವಾಗಿ ಹೋಯಿತು. ಪೂರ್ತಿ ಹೋಗುವ ಮೊದಲೇ ಬೆತ್ತ ಹೆಣೆಯುವ ಕೆಲಸ ಕಲಿತುಕೊಂಡು, ಈಗ ಇಪ್ಪತ್ತು ವರ್ಷದಿಂದ ಕಚೇರಿಗಳ, ಮನೆಗಳ, ಕ್ಷೌರದಂಗಡಿಗಳ ಕುರ್ಚಿಗಳಿಗೆ ಹೊಸ ಸೀಟು ಹೆಣೆದುಕೊಟ್ಟು ಬದುಕುತ್ತಿದ್ದ. ಎರಡು ಕೋಣೆಯ ಮನೆ. ಒಬ್ಬನೇ ಅಡುಗೆ, ಒಬ್ಬನೇ ಒಗೆತ, ಒಬ್ಬನೇ ಮಾತು. ಸ್ಟೋರಪ್ಪನವರು ಶನಿವಾರ ನೋಡಲು ಹೋದಾಗ ಒಳಗೆ ಕಾಲಿಡಲು ಜಾಗವಿರಲಿಲ್ಲ. ಬಾಗಿಲ ಪಕ್ಕದಲ್ಲೇ ಒಂದು ಬಕೆಟ್ಟು, ಅದರಲ್ಲಿ ಕಂದು ಬಣ್ಣದ ನೀರು. ಆತ ಕೂರುವ ಹಲಗೆಯ ಸುತ್ತ ನೆಲದ ಮೇಲೆಲ್ಲ ಚಾಕು, ದಬ್ಬಣ, ಸುತ್ತಿಗೆ, ಮರದ ಗೂಟಗಳು. ಒಲೆಯ ಹತ್ತಿರ ಒಂದಕ್ಕೊಂದು ಸಂಬಂಧವಿಲ್ಲದ ಹನ್ನೊಂದು ಡಬ್ಬಿಗಳು, ನೆಗ್ಗಿದ್ದು, ಮುಚ್ಚಳ ಇಲ್ಲದ್ದು, ಹಿಡಿ ಮುರಿದದ್ದು. ಉಪ್ಪಿನ ಡಬ್ಬಿ ನೆಲದ ಮೇಲೆ, ಸಕ್ಕರೆ ಕಿಟಕಿಯಲ್ಲಿ. ಸ್ಟೋರಪ್ಪನವರ ಎದೆ ಹಿಂಡಿತು. ಪಾಪ, ಕಣ್ಣಿಲ್ಲದ ಮನುಷ್ಯ ಈ ರಾಶಿಯಲ್ಲಿ ಹೇಗೆ ಬದುಕುತ್ತಾನೋ ಎಂದುಕೊಂಡರು.

ಬೆತ್ತದಣ್ಣ ಬೇಡ ಎಂದ. ನನಗೆ ಸರಿಯಾಗಿದೆ ಸಾರ್, ಯಾರಿಗೂ ತೊಂದರೆ ಬೇಡ ಎಂದ. ಎರಡನೆಯ ಸಲವೂ ಬೇಡ ಎಂದ. ಮೂರನೆಯ ಸಲ, ನಿಜವಾಗ್ಲೂ ಬೇಡ ಸಾರ್ ಎಂದ. ಸ್ಟೋರಪ್ಪನವರು ಆತನ ಹೆಗಲು ತಟ್ಟಿ, ನಾಳೆ ಹತ್ತು ಗಂಟೆಗೆ ಬರುತ್ತೇವೆ, ನೀವು ಅಷ್ಟು ಹೊತ್ತೂ ಅಧ್ಯಕ್ಷರ ಮನೆಯಲ್ಲಿ ಆರಾಮಾಗಿ ಊಟ ಮಾಡಿಕೊಂಡು ರೇಡಿಯೋ ಕೇಳುತ್ತಾ ಇರಿ ಎಂದು ಹೇಳಿ ಬಂದರು. ರಾತ್ರಿ ಊಟಕ್ಕೆ ಕುಳಿತಾಗ ಇದನ್ನೆಲ್ಲ ಹೆಂಡತಿಗೆ ಹೇಳಿದರು. ಆಕೆ ಬಡಿಸುವ ಕೈ ನಿಲ್ಲಿಸಿ, ಅವರು ಮೂರು ಸಲ ಬೇಡ ಅಂದರಲ್ಲ ಎಂದಳು. ನಿನಗೆ ಇದೆಲ್ಲ ಗೊತ್ತಾಗುವುದಿಲ್ಲ ಬಿಡು ಎಂದು ಸ್ಟೋರಪ್ಪನವರು ಊಟ ಮುಂದುವರಿಸಿದರು.

ಆ ಭಾನುವಾರ ಹತ್ತು ಜನ ಬೆವರು ಸುರಿಸಿ ದುಡಿದರು ಎಂಬುದನ್ನು ಒಪ್ಪಲೇಬೇಕು. ಹಲ್ಲಿನ ಡಾಕ್ಟರು ಸ್ವತಃ ಬಚ್ಚಲು ಉಜ್ಜಿದರು. ಬಕೆಟ್ಟಿನ ಹಳಸಿದ ನೀರನ್ನು ಮೇಷ್ಟರು ಚರಂಡಿಗೆ ಚೆಲ್ಲಿ, ಅದರಲ್ಲಿ ನೆನೆಯುತ್ತಿದ್ದ ಬೆತ್ತದ ಎಳೆಗಳನ್ನು ಬಿಸಿಲಿಗೆ ಒಣಹಾಕಿ, ಕಟ್ಟು ಕಟ್ಟಿ ಅಟ್ಟದ ಮೇಲಿಟ್ಟರು. ಒಲೆಯನ್ನು ಗಾಳಿ ಬರುವ ಕಡೆಗೆ, ಎಡಗೋಡೆಯಿಂದ ಬಲಗೋಡೆಗೆ ಸಾಗಿಸಿದರು. ಹನ್ನೊಂದು ಹಳೆಯ ಡಬ್ಬಿಗಳು ಗುಜರಿಗೆ ಹೋದವು. ಅವುಗಳ ಬದಲಿಗೆ ಹನ್ನೆರಡು ಹೊಸ ಡಬ್ಬಿಗಳು, ಒಂದೇ ಎತ್ತರ, ಒಂದೇ ಬಣ್ಣ, ಸೈನಿಕರ ಹಾಗೆ ಸಾಲಾಗಿ ನಿಂತವು. ಸ್ಟೋರಪ್ಪನವರು ತಮ್ಮ ಕೈಯಾರೆ ಚೀಟಿ ಬರೆದು ಅಂಟಿಸಿದರು. ಆಯುಧಗಳಿಗೆ ಗಿರಣಿಯಲ್ಲಿ ಮಾಡುತ್ತಿದ್ದ ಹಾಗೆ ಒಂದು ಹಲಗೆ ಮಾಡಿಸಿ ಗೋಡೆಗೆ ಹೊಡೆದರು. ಚಾಕುವಿನ ಜಾಗದಲ್ಲಿ ಚಾಕುವಿನ ಆಕಾರ, ದಬ್ಬಣದ ಜಾಗದಲ್ಲಿ ದಬ್ಬಣದ ಆಕಾರ, ಎಲ್ಲ ಕಪ್ಪು ಬಣ್ಣದಲ್ಲಿ ಬರೆದದ್ದು. ಕಡೆಗೆ ಬಾಗಿಲ ಎದುರಿನ ಗೋಡೆಗೆ ಪಟ್ಟಿ. ಇಪ್ಪತ್ತೇಳು ಸಾಲು, ಎರಡು ಬಣ್ಣದ ಶಾಯಿ.

ಹತ್ತು ಮಂದಿಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಹೊಳೆಯಲಿಲ್ಲ ಎಂದರೆ ಯಾರು ನಂಬುತ್ತಾರೆ? ಆದರೆ ನಡೆದದ್ದು ಹಾಗೆಯೇ. ಮನೆ ಎಷ್ಟು ಚೆನ್ನಾಗಿ ಕಾಣುತ್ತಿತ್ತೆಂದರೆ, ಅದು ಯಾರಿಗೆ ಕಾಣಬೇಕು ಎಂಬ ಪ್ರಶ್ನೆಯೇ ಅಲ್ಲಿ ಯಾರ ತಲೆಗೂ ಬರಲಿಲ್ಲ.

ನಾಲ್ಕು ಗಂಟೆಗೆ ಬೆತ್ತದಣ್ಣನನ್ನು ಕರೆತಂದರು. ಎಲ್ಲರೂ ಗೋಡೆಗೆ ಒರಗಿ ಸಾಲಾಗಿ ನಿಂತು ಅವನ ಮುಖವನ್ನೇ ನೋಡುತ್ತಿದ್ದರು. ಆತ ಹೊಸ್ತಿಲಲ್ಲಿ ನಿಂತು ಮೂಗರಳಿಸಿದ. ಸುಣ್ಣದ ವಾಸನೆ, ಫಿನಾಯಿಲ್ ವಾಸನೆ. ಬಲಗೈಯನ್ನು ಬಾಗಿಲ ಪಕ್ಕಕ್ಕೆ, ಬಕೆಟ್ಟು ಇದ್ದ ಎತ್ತರಕ್ಕೆ ಇಳಿಬಿಟ್ಟ. ಅಲ್ಲಿ ಏನೂ ಇರಲಿಲ್ಲ. ಕೈ ಅಲ್ಲೇ ಸ್ವಲ್ಪ ಹೊತ್ತು ಗಾಳಿಯಲ್ಲಿ ನಿಂತಿತು. ಆಮೇಲೆ ಆತ ಕೈಮಡಚಿಕೊಂಡು, ತುಂಬಾ ಶ್ರಮಪಟ್ಟಿದ್ದೀರಿ, ಎಲ್ಲರಿಗೂ ಉಪಕಾರವಾಯಿತು ಎಂದ. ಹತ್ತು ಜನ ಚಪ್ಪಾಳೆ ತಟ್ಟಿದರು.

ಪ್ರತಿ ಮನೆಯ ಬಗ್ಗೆಯೂ ಕೂಟಕ್ಕೆ ಒಂದು ವರದಿ ಸಲ್ಲಿಸಬೇಕು. ಅದರ ಕೊನೆಯಲ್ಲಿ ಫಲಾನುಭವಿಯ ಅಭಿಪ್ರಾಯ ಎಂಬ ಕಾಲಂ ಇರುತ್ತದೆ. ಹಿಂದಿನ ಹದಿನಾಲ್ಕು ಮನೆಗಳಿಗೆ ಸ್ಟೋರಪ್ಪನವರು ಅದನ್ನು ಅಲ್ಲೇ, ಆ ಭಾನುವಾರವೇ ತುಂಬಿಬಿಟ್ಟಿದ್ದರು. ಈ ಸಲ ಜಿಲ್ಲಾ ಮಟ್ಟದ ಪ್ರಶಸ್ತಿಗೆ ಕಳಿಸುವುದಿದ್ದುದರಿಂದ ಫಲಾನುಭವಿಯ ಹೆಬ್ಬೆಟ್ಟು ಬೇಕಾಗಿತ್ತು. ಹತ್ತು ದಿನ ಬಿಟ್ಟು ಒಂದು ಬೆಳಗ್ಗೆ ಹಾಳೆ ಹಿಡಿದುಕೊಂಡು ಹೋದರು.

ಬಾಗಿಲು ತೆರೆದಿತ್ತು. ಬೆತ್ತದಣ್ಣ ಕೋಣೆಯ ನಡುವೆ ನೆಲದ ಮೇಲೆ ಸುಮ್ಮನೆ ಕೂತಿದ್ದ. ಬಲಗೈಗೆ ಬಟ್ಟೆ ಸುತ್ತಿತ್ತು. ಎದುರಿಗೆ ಒಂದು ಕುರ್ಚಿ, ಅದರ ಸೀಟು ಕಾಲುಭಾಗ ಹೆಣೆದು ನಿಂತಿತ್ತು, ಎಳೆಗಳು ಮುರಿದು ಮುರಿದು ಮುಳ್ಳಿನಂತೆ ಎದ್ದಿದ್ದವು. ಒಣ ಬೆತ್ತ ಬಗ್ಗುವುದಿಲ್ಲ, ಮುರಿಯುತ್ತದೆ. ಅದಕ್ಕೇ ಅದನ್ನು ನೀರಲ್ಲಿ ನೆನೆಹಾಕಿರುತ್ತಾರೆ, ಆ ಬಕೆಟ್ಟೇ ಈಗ ಆತನ ಕೈಗೆ ಸಿಕ್ಕಿರಲಿಲ್ಲ. ಅದು ಸ್ಟೋರಪ್ಪನವರಿಗೆ ಆ ಗಳಿಗೆಯಲ್ಲಿ ಗೊತ್ತಾಯಿತು. ಕೈಗೆ ಏನಾಯಿತು ಎಂದು ಕೇಳಿದರು. ಒಲೆ ಆ ಕಡೆಗೆ ಹೋಗಿದೆಯಲ್ಲ ಸಾರ್, ಕೈಗೆ ಇನ್ನೂ ಅಭ್ಯಾಸವಾಗಿಲ್ಲ, ಕುದಿನೀರು ತಾಗಿತು ಎಂದು ಆತ ತನ್ನದೇ ತಪ್ಪೆಂಬಂತೆ ಹೇಳಿದ. ಡಬ್ಬಿಗಳನ್ನು ಒಂದೊಂದಾಗಿ ತೆಗೆದು ನಾಲಿಗೆಗೆ ಹಚ್ಚಿ ನೋಡುತ್ತಾನಂತೆ. ಒಂದು ಸಲ ಸೋಪಿನ ಪುಡಿಯೂ ನಾಲಿಗೆಗೆ ಹೋಯಿತಂತೆ. ಅದನ್ನು ಹೇಳಿ ನಕ್ಕ. ದಬ್ಬಣವೂ ಸಿಕ್ಕಿರಲಿಲ್ಲ. ಅದು ಅವನ ತಲೆಯ ಮೇಲೆ, ಗೋಡೆಯಲ್ಲಿ, ದಬ್ಬಣದ ಆಕಾರದ ಮೇಲೆ ನೇತಾಡುತ್ತಿತ್ತು.

ಸ್ಟೋರಪ್ಪನವರು ಆ ಕಪ್ಪು ಆಕಾರಗಳನ್ನು ನೋಡಿದರು. ಎದುರು ಗೋಡೆಯ ಇಪ್ಪತ್ತೇಳು ಸಾಲಿನ ಪಟ್ಟಿಯನ್ನು ನೋಡಿದರು. ಒಮ್ಮೆ ಅವರು ರಜೆಯಲ್ಲಿದ್ದಾಗ ಹೊಸ ಮ್ಯಾನೇಜರೊಬ್ಬ ಉಗ್ರಾಣದ ಒಂದೇ ಒಂದು ಸಾಲನ್ನು ಬದಲಾಯಿಸಿದ್ದ. ಮೂರು ದಿನ ಇವರಿಗೆ ಅನ್ನ ಸೇರಿರಲಿಲ್ಲ. ನನ್ನ ಕೈ ಕತ್ತರಿಸಿದ ಹಾಗಾಯ್ತು ಸ್ವಾಮಿ ಎಂದು ಮ್ಯಾನೇಜರನ ಕೋಣೆಯಲ್ಲಿ ಕೂಗಾಡಿದ್ದರು. ಪ್ರಪಂಚದಲ್ಲಿ ಯಾರಿಗೆ ಗೊತ್ತಿಲ್ಲದಿದ್ದರೂ ಇದು ಅವರಿಗೆ ಗೊತ್ತಿರಬೇಕಿತ್ತು.

ಬೆತ್ತದಣ್ಣ ಇನ್ನೊಂದು ವಿಷಯವನ್ನೂ ಹೇಳಿದ. ಅವನಿಗೊಬ್ಬಳು ತಂಗಿ ಇದ್ದಾಳೆ, ದೂರದ ಊರಿನ ಆಸ್ಪತ್ರೆಯಲ್ಲಿ ನರ್ಸು. ಅಣ್ಣ ಒಂಟಿಯಾಗಿರುವುದು ಅವಳಿಗೆ ಎಂದೂ ಒಪ್ಪಿಗೆಯಿಲ್ಲ. ಬಹಳ ಜಗಳವಾಡಿದ ಮೇಲೆ ಇಬ್ಬರ ನಡುವೆ ಒಂದು ಕರಾರಾಗಿತ್ತು. ಅವಳು ಮೂರು ತಿಂಗಳಿಗೊಮ್ಮೆ ಬಂದು ನೋಡಬೇಕು, ಒಂದು ದಿನವಾದರೂ ಅಣ್ಣನ ಕೈಲಾಗಲಿಲ್ಲ ಎಂದು ಕಂಡರೆ ಆತ ತಕರಾರಿಲ್ಲದೆ ಅವಳ ಜೊತೆ ಹೊರಡಬೇಕು. ಏಳು ವರ್ಷದಿಂದ ಅವಳಿಗೆ ಒಂದು ತಪ್ಪೂ ಸಿಕ್ಕಿರಲಿಲ್ಲ.

"ಅವಳ ಮನೇಲಿ ಏನೂ ಕಮ್ಮಿ ಮಾಡಲ್ಲ ಸಾರ್," ಎಂದ ಬೆತ್ತದಣ್ಣ. "ಆದ್ರೆ ಅಲ್ಲಿ ನನಗೆ ಕೆಲಸ ಇಲ್ಲ. ಒಂದು ಮೂಲೇಲಿ ಕೂರಿಸಿ ಹೊತ್ತು ಹೊತ್ತಿಗೆ ಊಟ ಕೊಡ್ತಾರೆ, ಅಷ್ಟೇ. ಮುಂದಿನ ತಿಂಗಳು ಬರ್ತಾಳೆ. ಅಷ್ಟರಲ್ಲಿ ಈ ಮನೆ ನನ್ನ ಕೈಗೆ ಬಂದ್ರೆ ಸಾಕು."

ಆವತ್ತೇ, ಆ ಗಳಿಗೆಯಲ್ಲೇ, ನಾವು ತಪ್ಪು ಮಾಡಿದೆವು, ಎಲ್ಲಿ ಏನಿತ್ತು ಹೇಳಿ, ಇಟ್ಟುಕೊಡುತ್ತೇನೆ ಎನ್ನಬಹುದಿತ್ತು. ಬಾಯಿಯವರೆಗೆ ಬಂದಿತ್ತು. ಆದರೆ ಕೈಯಲ್ಲಿ ಪ್ರಶಸ್ತಿಯ ಹಾಳೆ ಇತ್ತು. ಹಾಗೆ ಮಾಡಿದರೆ ಕೂಟದಲ್ಲಿ ಕೇಳುತ್ತಾರೆ, ಅಧ್ಯಕ್ಷರು ಹುಬ್ಬೇರಿಸುತ್ತಾರೆ, ಹಲ್ಲಿನ ಡಾಕ್ಟರು ಹಲ್ಲು ಬಿಡುತ್ತಾರೆ. ಸ್ಟೋರಪ್ಪನವರು ಗಂಟಲು ಸರಿಮಾಡಿಕೊಂಡು, ಹೊಸದರಲ್ಲಿ ಹೀಗೆಯೇ, ನಿಧಾನಕ್ಕೆ ಅಭ್ಯಾಸವಾಗುತ್ತದೆ ಎಂದರು. ದಬ್ಬಣವನ್ನು ಇಳಿಸಿ ಕೈಗೆ ಕೊಟ್ಟರು. ಅಭಿಪ್ರಾಯ ಏನೆಂದು ಬರೆಯಲಿ ಎಂದು ಕೇಳಿದರು. ಆತ ದಬ್ಬಣದ ಮೊನೆಯ ಮೇಲೆ ಬೆರಳಾಡಿಸುತ್ತಿದ್ದ. ಇವರು ತಾವೇ ತುಂಬಾ ಸಂತೋಷವಾಗಿದೆ ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆದು, ಆತನ ಎಡಗೈಯ ಹೆಬ್ಬೆರಳನ್ನು ಹಿಡಿದು ಶಾಯಿಗೆ ಒತ್ತಿದರು. ಬಲಗೈಯಲ್ಲಿ ಬೊಬ್ಬೆ ಎದ್ದಿತ್ತಲ್ಲ.

ಆಮೇಲಿನ ದಿನಗಳಲ್ಲಿ ಅವರು ಆ ಬೀದಿಯನ್ನೇ ಬಿಟ್ಟರು. ತರಕಾರಿಗೆ ಸುತ್ತುಬಳಸಿ ಹೋಗುತ್ತಿದ್ದರು. ನಾಳೆ ಹೋಗೋಣ ಎಂದು ದಿನಾ ಅಂದುಕೊಳ್ಳುವುದು, ಆ ನಾಳೆ ಬಂದಾಗ ಒಂದು ನೆಪ ಹುಡುಕುವುದು. ಹೀಗೆ ಮೂರು ವಾರ ಕಳೆಯಿತು.

ಕೂಟದ ಮಾಸಿಕ ಸಭೆ ಶನಿವಾರ ಸಂಜೆ ವಾಚನಾಲಯದ ಮಹಡಿಯಲ್ಲಿ. ಯೋಜನೆಗೆ ಪ್ರಶಸ್ತಿ ಬಂದಿರುವ ಸುದ್ದಿಯನ್ನು ಅಧ್ಯಕ್ಷರು ಓದಿ ಮುಗಿಸಿದ್ದರಷ್ಟೆ, ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಐವತ್ತರ ಹತ್ತಿರದ ವಯಸ್ಸು, ಹೆಗಲಿಗೆ ಪ್ರಯಾಣದ ಚೀಲ. ಬೆತ್ತದಣ್ಣನ ತಂಗಿ ತಾನು, ಎರಡು ನಿಮಿಷ ಮಾತಾಡಿ ಹೋಗುತ್ತೇನೆ ಎಂದಳು. ಎಲ್ಲರೆದುರು ಮಾನ ಹರಾಜು ಹಾಕಲು ಬಂದಿದ್ದಾಳೆ ಎಂದೇ ಸ್ಟೋರಪ್ಪನವರು ತಿಳಿದರು. ಅವಳು ಹಾಗೆ ಮಾಡಿದ್ದರೆ ಎಷ್ಟೋ ಚೆನ್ನಾಗಿತ್ತು.

ಅವಳು ಬಂದದ್ದು ಥ್ಯಾಂಕ್ಸ್ ಹೇಳಲು.

"ನಾನು ನಿನ್ನೆ ಬಂದೆ," ಎಂದಳು. "ಮನೆ ನೋಡಿ ನಂಬೋಕೇ ಆಗಲಿಲ್ಲ. ಒಡಹುಟ್ಟಿದವಳು ನಾನು, ನನ್ನ ಕೈಲಿ ಆಗದೇ ಇದ್ದದ್ದನ್ನ ನೀವು ಮಾಡಿದ್ದೀರಿ. ಅಣ್ಣ ನನಗೆ ಟೀ ಮಾಡಿಕೊಟ್ಟ. ಅದರಲ್ಲಿ ಉಪ್ಪು ಹಾಕಿದ್ದ. ಕೈ ನೋಡಿದ್ರೆ ಎರಡು ಸಲ ಸುಟ್ಟುಕೊಂಡಿದ್ದಾನೆ. ತಿಂಗಳಿಂದ ಒಂದು ಕುರ್ಚೀನೂ ಮುಗಿದಿಲ್ಲ. ಇಷ್ಟು ಓರಣವಾಗಿ ಮಾಡಿಕೊಟ್ಟ ಮನೇಲೂ ಅವನ ಕೈಲಿ ಆಗ್ತಿಲ್ಲ ಅಂದ್ರೆ ಇನ್ನು ಆಗಲ್ಲ ಅಂತ ನನಗೆ ಈಗ ಗೊತ್ತಾಯ್ತು. ಅವನೂ ಒಪ್ಪಿಕೊಂಡ. ನಾಳೆ ಮಧ್ಯಾಹ್ನದ ಬಸ್ಸಿಗೆ ಕರ್ಕೊಂಡು ಹೋಗ್ತೀನಿ. ನಿಮ್ಮಿಂದ ನನ್ನ ಕಣ್ಣು ತೆರೀತು."

ಅಧ್ಯಕ್ಷರು ಗದ್ಗದಿತರಾದರು. ಇದರ ಹಿಂದಿನ ಶಕ್ತಿ ಇವರು ಎಂದು ಸ್ಟೋರಪ್ಪನವರ ಕಡೆಗೆ ಕೈತೋರಿಸಿದರು. ಅವಳು ಹತ್ತಿರ ಬಂದು ಎರಡೂ ಕೈ ಹಿಡಿದುಕೊಂಡಳು. ಸಭೆ ಚಪ್ಪಾಳೆ ತಟ್ಟಿತು. ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು ಸ್ಟೋರಪ್ಪನವರಿಗೆ. ಈಗ ಹೇಳಬೇಕು, ಈಗ, ಈಗ ಎಂದುಕೊಳ್ಳುತ್ತಿದ್ದರು. ಅವಳು ಕೈ ಬಿಟ್ಟಳು, ಎಲ್ಲರತ್ತ ತಿರುಗಿ ತಲೆಬಾಗಿದಳು, ಮೆಟ್ಟಿಲಿಳಿದು ಹೋದಳು. ಎಲ್ಲರ ಜೊತೆ ತಾವೂ ಅವಳಿಗೆ ಚಪ್ಪಾಳೆ ತಟ್ಟುತ್ತಿದ್ದೇವೆ ಎಂದು ಸ್ಟೋರಪ್ಪನವರು ಆಮೇಲೆ ಗಮನಿಸಿದರು.

ಸ್ಟೋರಪ್ಪನವರು ಮನೆಗೆ ಬಂದು ಊಟ ಮಾಡಲಿಲ್ಲ. ಹೆಂಡತಿಗೆ ಎಲ್ಲ ಹೇಳಿದರು, ಹೆಬ್ಬೆಟ್ಟಿನ ವಿಷಯವನ್ನೂ ಬಿಡದೆ. ಆಕೆ ನಾನು ಆವತ್ತೇ ಹೇಳಿರಲಿಲ್ಲವೇ ಎನ್ನಬಹುದಿತ್ತು, ಅನ್ನಲಿಲ್ಲ. ಬೆಳಗ್ಗೆ ಬೇಗ ಎದ್ದು ಹೋಗಿ ಎಂದಷ್ಟೇ ಹೇಳಿ ತಟ್ಟೆ ಎತ್ತಿಟ್ಟಳು.

ಬೆಳಗ್ಗೆ ಏಳು ಗಂಟೆಗೆ ಸ್ಟೋರಪ್ಪನವರು ಬೆತ್ತದಣ್ಣನ ಬಾಗಿಲಲ್ಲಿದ್ದರು. ಒಳಗೆ ತಂಗಿ ಬಟ್ಟೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ಆತ ಮಂಚದ ಅಂಚಿನಲ್ಲಿ, ಬಸ್ಸಿಗೆ ಕಾಯುವವನ ಹಾಗೆ ಈಗಲೇ ಚಪ್ಪಲಿ ಹಾಕಿಕೊಂಡು ಕೂತಿದ್ದ. ಅವಳು ಕುರ್ಚಿ ಎಳೆದು ಕೂರಿ ಎಂದಳು. ಇವರು ಕೂರಲಿಲ್ಲ. ನಿಂತೇ ಹೇಳಿದರು. ಈ ಮನೆ ಮೊದಲು ಹೀಗಿರಲಿಲ್ಲ, ಹೇಗಿತ್ತೋ ಹಾಗಿದ್ದಾಗ ನಿಮ್ಮಣ್ಣನ ಕೈಲಿ ಎಲ್ಲ ಆಗುತ್ತಿತ್ತು, ಅದನ್ನು ಕೆಡಿಸಿದವನು ನಾನು. ಮೂರು ಸಲ ಬೇಡ ಅಂದರು. ಕೈ ಸುಟ್ಟದ್ದು, ಬೆತ್ತ ಮುರಿದದ್ದು, ನಿಮ್ಮ ಟೀಗೆ ಉಪ್ಪು ಬಿದ್ದದ್ದು, ಎಲ್ಲ ನನ್ನಿಂದ. ಮೂರು ವಾರದ ಹಿಂದೆ ಬಂದು ಕಣ್ಣಾರೆ ನೋಡಿಯೂ ಸುಮ್ಮನೆ ಹೋದೆ. ನಿನ್ನೆ ನೀವು ಕೈಹಿಡಿದಾಗಲೂ ಬಾಯಿ ಬಿಡಲಿಲ್ಲ.

ತಂಗಿ ಗೋಡೆಯ ಪಟ್ಟಿಯ ಕಡೆ ತಿರುಗಿದಳು. ಎರಡು ದಿನದಿಂದ ಅದನ್ನು ನೋಡುತ್ತಲೇ ಇದ್ದಳು, ಈಗ ಮೊದಲ ಸಲ ನೋಡುವವಳ ಹಾಗೆ ನೋಡಿದಳು. ಆಮೇಲೆ ಒಂದೇ ಅಳತೆಯ ಹನ್ನೆರಡು ಡಬ್ಬಿಗಳನ್ನು. ಅವಳ ಮುಖ ಕೆಂಪಾಯಿತು. ಸಿಟ್ಟಿಗೋ, ತನಗೂ ಹೊಳೆಯಲಿಲ್ಲವೆಂಬ ನಾಚಿಕೆಗೋ.

"ಯಾಕಣ್ಣ ನನಗೆ ಹೇಳಲಿಲ್ಲ?" ಎಂದು ಕೇಳಿದಳು.

"ಹತ್ತು ಜನ ಪ್ರೀತಿಯಿಂದ ಮಾಡಿದ್ದು," ಎಂದ ಬೆತ್ತದಣ್ಣ. "ದೂರು ಹೇಳೋದು ಹೇಗೆ? ಅದೂ ಅಲ್ಲದೆ, ಒಂದೊಂದು ಸಲ ನನಗೇ ಅನುಮಾನ ಬಂತು. ನನ್ನ ಕೈಯೇ ಕೆಟ್ಟಿತೇನೋ ಅಂತ."

ಈ ಮಾತು ಸ್ಟೋರಪ್ಪನವರಿಗೆ ಬೈಗುಳಕ್ಕಿಂತ ಜೋರಾಗಿ ತಾಗಿತು.

ತಂಗಿ ಗಡಿಯಾರ ನೋಡಿಕೊಂಡಳು. ಬಸ್ಸು ಹನ್ನೆರಡೂವರೆಗೆ. ಅಷ್ಟರೊಳಗೆ ಮೊದಲಿದ್ದ ಹಾಗೆ ಮಾಡಿಕೊಡಿ, ಅಣ್ಣ ನನ್ನೆದುರಿಗೆ ಒಂದು ಲೋಟ ಟೀ ಮಾಡಲಿ, ಸರಿಯಾಗಿದ್ದರೆ ನಾನೊಬ್ಬಳೇ ಹೋಗುತ್ತೇನೆ ಎಂದಳು.

ಸ್ಟೋರಪ್ಪನವರು ಅಂಗಿಯ ತೋಳು ಮಡಚಿ ಕೋಣೆಯ ನಡುವೆ ನಿಂತರು. ಎಂಟು ಸಾವಿರ ಸಾಮಾನಿನ ಜಾಗ ತಲೆಯಲ್ಲಿಟ್ಟುಕೊಂಡಿದ್ದ ಮನುಷ್ಯ. ನಿವೃತ್ತರಾಗಿ ಎರಡು ವರ್ಷವಾದರೂ ಹದಿನೇಳನೆಯ ಕಪಾಟಿನ ಮೂರನೆಯ ಗೂಡಿನಲ್ಲಿ ಏನಿತ್ತೆಂದು ಈಗಲೂ ಹೇಳಬಲ್ಲರು. ಈ ಮನೆಯಲ್ಲಿ ಚಾಕು ಎಲ್ಲಿತ್ತು? ಆ ಕಡೆ ಇತ್ತೋ, ಈ ಕಡೆಯೋ? ಟೀಪುಡಿ? ಕೆಟಲ್ಲಿನ ಹಿಡಿ ಯಾವ ದಿಕ್ಕಿಗೆ? ಏನೂ ನೆನಪಾಗಲಿಲ್ಲ. ಆವತ್ತು ಅವರು ನೋಡಿದ್ದು ಒಂದು ರಾಶಿಯನ್ನು. ಅದರೊಳಗೆ ಜಾಗಗಳಿದ್ದವು ಎಂದು ಅವರ ಕಣ್ಣಿಗೆ ಬಿದ್ದಿರಲೇ ಇಲ್ಲ.

"ನನಗೆ ಗೊತ್ತಿಲ್ಲ," ಎಂದರು. ಮೂವತ್ತೆಂಟು ವರ್ಷದಲ್ಲಿ ಉಗ್ರಾಣದ ಕಿಟಕಿಗೆ ಬಂದ ಯಾರಿಗೂ ಅವರು ಆ ಮಾತು ಹೇಳಿದವರಲ್ಲ.

ಬೆತ್ತದಣ್ಣ ಚಪ್ಪಲಿ ಬಿಚ್ಚಿದ. ಜಾಗ ನನಗೆ ಗೊತ್ತಿದೆ, ನನ್ನ ಡಬ್ಬಿಗಳು ಎಲ್ಲಿ ಎಂದು ಕೇಳಿದ.

ಗುಜರಿಯವನ ಅಂಗಡಿ ಕಾಲುವೆಯಾಚೆ. ಭಾನುವಾರ ಬೆಳಗ್ಗೆ ಹಲ್ಲುಜ್ಜುತ್ತಾ ನಿಂತಿದ್ದ ಅವನು, ಇಸ್ತ್ರಿ ಮಾಡಿದ ಬಿಳಿ ಅಂಗಿಯ ಮನುಷ್ಯ ಏದುಸಿರು ಬಿಡುತ್ತಾ ಹಳೆಯ ಡಬ್ಬಿ ಬೇಕು ಎಂದದ್ದನ್ನು ಕೇಳಿ ಕಣ್ಣು ಪಿಳಿಪಿಳಿ ಮಾಡಿದ. ತಂದುಕೊಟ್ಟವರು ನೀವೇ ಅಲ್ಲವೇ, ಈ ದರಿದ್ರವೆಲ್ಲ ಬೇಗ ಸಾಗಹಾಕು ಅಂತ ಬೇರೆ ಹೇಳಿದ್ದಿರಿ ಎಂದ. ಹೌದು, ನಾನೇ ಎಂದರು ಸ್ಟೋರಪ್ಪನವರು. ತಗಡಿನ ಲಾರಿ ಇನ್ನೂ ಬಂದಿರಲಿಲ್ಲ, ಅದೊಂದು ಪುಣ್ಯ. ಹಿತ್ತಲಲ್ಲಿ ಆಳೆತ್ತರದ ರಾಶಿ ಇತ್ತು. ಅದರೊಳಗೆ ಮೊಣಕಾಲೂರಿ, ಕೈ ತರಚಿಕೊಂಡು, ತುಕ್ಕು ಮೆತ್ತಿಕೊಂಡು ಎರಡು ಗಂಟೆ ಹುಡುಕಿದರು. ಯಾವುದು ಅವನದು, ಯಾವುದು ಅಲ್ಲ? ಅದೂ ಗೊತ್ತಿರಲಿಲ್ಲ. ನೆಗ್ಗಿದ್ದನ್ನೆಲ್ಲ ಆರಿಸಿ ಒಂದು ಮೂಟೆ ಮಾಡಿ ಹೊತ್ತು ತಂದರು. ದಾರಿಯಲ್ಲಿ ಬಟ್ಟೆ ವ್ಯಾಪಾರಿ ಸದಸ್ಯರೊಬ್ಬರು ಸಿಕ್ಕಿ, ಏನು ಸ್ಟೋರಪ್ಪನವರೇ, ಹದಿನಾರನೆಯ ಮನೆ ಶುರುವಾಯಿತೇ ಎಂದರು. ಇವರು ತಲೆ ಎತ್ತದೆ ನಡೆದರು.

ಬೆತ್ತದಣ್ಣ ನೆಲದ ಮೇಲೆ ಕೂತು ಮೂಟೆ ಬಿಚ್ಚಿದ. ಒಂದೊಂದನ್ನೇ ಎತ್ತಿ ಬೆರಳಾಡಿಸಿದ. ಇದು ನನ್ನದಲ್ಲ. ಇದೂ ಅಲ್ಲ. ಇದು ಸಕ್ಕರೆ. ಇದು ಯಾರದೋ. ಇದು ಉಪ್ಪು, ಇದು ಬಿದ್ದ ದಿನ ನನಗೆ ಗೊತ್ತು ಎಂದ. ಇಪ್ಪತ್ತಾರರಲ್ಲಿ ಏಳು ಅವನವಾಗಿದ್ದವು. ನಾಲ್ಕು ಸಿಗಲಿಲ್ಲ. ಆಮೇಲೆ ಆತ ಒಂದೊಂದೇ ಹೇಳುತ್ತಾ ಹೋದ, ಸ್ಟೋರಪ್ಪನವರು ಇಡುತ್ತಾ ಹೋದರು. ಬಕೆಟ್ಟು ಬಾಗಿಲ ಪಕ್ಕಕ್ಕೆ. ಒಲೆ ಎಡಗೋಡೆಗೆ. ಸಕ್ಕರೆ ಕಿಟಕಿಗೆ, ಏಕೆಂದರೆ ಅಲ್ಲಿ ಬೆಳಗಿನ ಬಿಸಿಲಿಗೆ ಡಬ್ಬಿ ಬೆಚ್ಚಗಿರುತ್ತದೆ. ಉಪ್ಪು ನೆಲದ ಮೇಲೆ, ಏಕೆಂದರೆ ಅದಕ್ಕೆ ಬಗ್ಗಬೇಕು, ಬಗ್ಗಿದರೆ ಉಪ್ಪೇ. ಒಂದೊಂದಕ್ಕೂ ಒಂದು ಕಾರಣವಿತ್ತು. ಗಿರಣಿಯ ಉಗ್ರಾಣದಲ್ಲಿ ಕೂಡ ಇಷ್ಟು ಯೋಚಿಸಿ ಇಟ್ಟ ಸಾಮಾನು ಇರಲಿಲ್ಲ.

ಹನ್ನೊಂದೂವರೆಗೆ ಬೆತ್ತದಣ್ಣ ಟೀ ಮಾಡಿದ. ಸುಟ್ಟ ಕೈ ಎಲ್ಲೂ ತಡವರಿಸಲಿಲ್ಲ. ತಂಗಿ ಕುಡಿದಳು. ಪೂರ್ತಿ ಕುಡಿದು ಲೋಟ ಕೆಳಗಿಟ್ಟು, ತುಂಬಿದ್ದ ಬಟ್ಟೆಗಳನ್ನು ಚೀಲದಿಂದ ಒಂದೊಂದಾಗಿ ತೆಗೆದು ಅಣ್ಣನ ತೊಡೆಯ ಮೇಲಿಟ್ಟಳು. ಎಲ್ಲಿ ಇಡಬೇಕು ಹೇಳು ಎಂದಳು.

ಸ್ಟೋರಪ್ಪನವರು ಕ್ಷಮಿಸಿ ಎಂದರು. ದಿನಾ ಬೆಳಗ್ಗೆ ಒಮ್ಮೆ ಬಂದು ನೋಡಿಕೊಂಡು ಹೋಗುತ್ತೇನೆ, ಆ ನಾಲ್ಕು ಡಬ್ಬಿಗೆ ಏನಾದರೂ ವ್ಯವಸ್ಥೆ ಮಾಡುತ್ತೇನೆ, ಬೆತ್ತ ತಂದುಕೊಡುತ್ತೇನೆ ಎಂದು ಒಂದೇ ಉಸಿರಿಗೆ ಹೇಳಿದರು.

"ಕೋಪ ಇಲ್ಲ ಸಾರ್," ಎಂದ ಬೆತ್ತದಣ್ಣ. "ಆದ್ರೆ ಇನ್ನು ಬರಬೇಡಿ."

ಇವರು ಆಗಲಿ ಎಂದು ಚಪ್ಪಲಿ ಮೆಟ್ಟಿದರು. ಹೊಸ್ತಿಲು ದಾಟುವಾಗ ಆತ ಹಿಂದಿನಿಂದ ಕೇಳಿದ, ಸಿಟ್ಟಿಲ್ಲದ, ಬರೀ ತಿಳಿದುಕೊಳ್ಳುವ ದನಿಯಲ್ಲಿ:

"ನಮ್ಮ ಮನೆಗೆ ಮುಂಚೆ ಎಷ್ಟು ಮನೆ ಮಾಡಿದ್ರಿ?"

"ಹದಿನಾಲ್ಕು."

"ಬಂದು ನೋಡೋಕೆ ಅವರಿಗೆಲ್ಲ ತಂಗಿ ಇದ್ದಾರಾ?"

ಸ್ಟೋರಪ್ಪನವರಿಗೆ ಗೊತ್ತಿರಲಿಲ್ಲ. ಹದಿನಾಲ್ಕು ಮನೆಗಳಲ್ಲಿ ಒಂದಕ್ಕೂ ಅವರು ಎರಡನೆಯ ಸಲ ಕಾಲಿಟ್ಟಿರಲಿಲ್ಲ. ಹದಿನಾಲ್ಕು ಹಾಳೆಗಳಲ್ಲಿ ತುಂಬಾ ಸಂತೋಷವಾಗಿದೆ ಎಂದು ತಮ್ಮ ಕೈಯಲ್ಲೇ ಬರೆದಿದ್ದರು.

ಅಲ್ಲಿಂದ ಮನೆಗೆ ಹೋಗಲಿಲ್ಲ. ತುಕ್ಕು ಮೆತ್ತಿದ ಅಂಗಿಯಲ್ಲೇ ಅಂಚೆ ಕಚೇರಿಯ ಹಿಂದಿನ ಬೀದಿಗೆ ನಡೆದರು. ಅವರ ಮೊದಲನೆಯ ಮನೆ ಅಲ್ಲಿತ್ತು. ಬಟ್ಟೆ ಹೊಲಿಯುವ ಹೆಂಗಸು, ಗಂಡ ತೀರಿಕೊಂಡವಳು, ಒಂದು ಕಾಲು ಸ್ವಾಧೀನವಿಲ್ಲ. ಒಳಗಿನಿಂದ ಹೊಲಿಗೆ ಯಂತ್ರದ ಸದ್ದು ಬರುತ್ತಿತ್ತು. ಬಾಗಿಲು ತಟ್ಟಿದರು. ಸದ್ದು ನಿಂತಿತು. ಕೋಲೂರುತ್ತಾ ಬಂದು ಆಕೆ ಬಾಗಿಲು ತೆರೆದಳು, ಅವರನ್ನು ಗುರುತಿಸಿದಳು. ಏನಮ್ಮ, ಹೇಗಿದ್ದೀರಿ ಎಂದು ಕೇಳಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದರು. ಅವರು ಕೇಳುವ ಮೊದಲೇ ಆಕೆಯ ಕೈ ಬಾಗಿಲನ್ನು ಅರ್ಧ ಮುಂದಕ್ಕೆ ಎಳೆದುಕೊಂಡಿತು.

"ಮತ್ತೆ ಬಂದ್ರಾ?" ಎಂದಳು ಆಕೆ, ಬಲವಂತದ ನಗು ತಂದುಕೊಂಡು. "ಎಲ್ಲ ನೀವು ಇಟ್ಟ ಹಾಗೇ ಇದೆ ಸಾರ್. ನಾನು ಏನೂ ಮುಟ್ಟಿಲ್ಲ."